ತೊಬಿಯಾಸನೊಡನೆ ನಡೆದ ನಾಯಿ: ಸಂಕಟಕಾಲದ ಒಡನಾಡಿ ಜೀವಿಗಳ ಕುರಿತು ಕೊಡಗಿನ ನೆಲದಿಂದ ಒಂದು ಚಾರಿತ್ರಿಕ ಚಿಂತನೆ

2018ರ ಆಗಸ್ಟ್ ತಿಂಗಳ ನಡುಭಾಗದಲ್ಲಿ ಸುರಿದ ಮಳೆ ಕೊಡಗಿನ ಇತ್ತೀಚಿನ ಚರಿತ್ರೆಯಲ್ಲಿ ಅಳಿಸಲಾಗದ ಗುರುತನ್ನು ಉಳಿಸಿದೆ. ಆ ತಿಂಗಳ 16 ಮತ್ತು 17ರ ಸುಮಾರಿಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಮೊಣ್ಣಂಗೇರಿ, ಜೋಡುಪಾಲ ಮೊದಲಾದ ಊರುಗಳ ಸುತ್ತ ಗುಡ್ಡಗಳು ಜರಿದು ಮನೆ, ಗದ್ದೆ, ಕಾಫಿ ತೋಟಗಳನ್ನು ಕೊಚ್ಚಿಕೊಂಡು ಹೋದವು. ಸಾವಿರಾರು ಜನರು ಉಟ್ಟ ಬಟ್ಟೆಯಲ್ಲೇ ಹೊರಟು ಶಾಲೆ, ಸಮುದಾಯ ಭವನ, ಕಲ್ಯಾಣಮಂಟಪಗಳಲ್ಲಿ ತೆರೆದ ಪರಿಹಾರ ಕೇಂದ್ರಗಳನ್ನು ಸೇರಿದರು. ಜೀವ ಉಳಿಯಿತೆಂಬ ಸಮಾಧಾನದ ಬೆನ್ನಲ್ಲೇ ಅವರಲ್ಲಿ ಅನೇಕರನ್ನು ಕಾಡಿದ್ದು ಬಿಟ್ಟುಬಂದ ಜೀವಗಳ ಚಿಂತೆ. ಸರಪಳಿ ಬಿಚ್ಚದೆ ಬಂದ ನಾಯಿ ಏನಾಯಿತೋ, ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕುವವರು ಯಾರೋ, ಅಟ್ಟದ ಮೇಲೆ ಮರಿಹಾಕಿದ್ದ ಬೆಕ್ಕು ಬದುಕಿದೆಯೋ ಇಲ್ಲವೋ ಎಂಬ ಚಿಂತೆ ಅದು. ಕೆಲವು ಸ್ವಯಂಸೇವಕರು ಅಪಾಯವನ್ನು ಲೆಕ್ಕಿಸದೆ ಹೋಗಿ ಅಂಥ ಪ್ರಾಣಿಗಳನ್ನು ಹುಡುಕಿ ತಂದರು.

ಅದನ್ನು ಮೆಚ್ಚಿದವರಿದ್ದರು. ‘ಮನುಷ್ಯರೇ ಮಣ್ಣಿನಡಿ ಸಿಲುಕಿರುವಾಗ ನಾಯಿ, ಬೆಕ್ಕುಗಳ ಯೋಚನೆಯೇ?’ ಎಂದು ಕೇಳುವವರು ಇಂಥ ಎಲ್ಲ ಸಂದರ್ಭಗಳಲ್ಲೂ ಇರುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಪಾಲನಾ ಸೇವೆಗೆ ಸಿದ್ಧರಾಗುತ್ತಿರುವ ಗುರು ಅಭ್ಯರ್ಥಿಗಳು ಅದನ್ನು ತಳ್ಳಿಹಾಕದೆ ಎದುರಿಸಬೇಕು. ನಮ್ಮ ನಾಡಿನ ಚರಿತ್ರೆಯನ್ನೂ ಪವಿತ್ರ ಗ್ರಂಥವನ್ನೂ ಧರ್ಮಸಭೆಯ ಬೋಧನೆಯನ್ನೂ ಒಟ್ಟಿಗೆ ಇರಿಸಿ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಶಾಸನದಲ್ಲಿ ಉಳಿದ ಹೆಸರು

ಸಾಕುಪ್ರಾಣಿಯ ಮೇಲಿನ ಮಮತೆ ಪಟ್ಟಣದವರ ಹೊಸ ಖಯಾಲಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡ ನಾಡಿನ ಶಾಸನಗಳು ಅದನ್ನು ಒಪ್ಪುವುದಿಲ್ಲ. ಕೊಡಗಿನ ಭಾಗಗಳು ಒಂದು ಕಾಲದಲ್ಲಿ ಗಂಗರ ಆಳ್ವಿಕೆಗೆ ಒಳಪಟ್ಟಿದ್ದವು. ಬಿಳಿಯೂರಿನಲ್ಲಿ ದೊರೆತ 9ನೆಯ ಶತಮಾನದ ಶಾಸನ ಅದಕ್ಕೆ ಸಾಕ್ಷಿ. ಅದೇ ಗಂಗರ ಕಾಲದ ಇನ್ನೊಂದು ಶಾಸನ ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆಯಿತು. ಶಕವರ್ಷ 872ರ, ಅಂದರೆ ಕ್ರಿ.ಶ. 949–50ರ, ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದ ವಿವರ ಅದರಲ್ಲಿದೆ. ಆ ಯುದ್ಧದಲ್ಲಿ ಬೂತುಗನ ಕಡೆಯ ವೀರ ಮಣಲೇರನು ಪರಾಕ್ರಮ ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಕಾದಾಡಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟನು. ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ. ನಾಯಿ ಮತ್ತು ಹಂದಿಯ ಹೋರಾಟವನ್ನು ಕಲ್ಲಿನ ಮೇಲೆ ಕೆತ್ತಲಾಗಿದೆ.

ಅದು ಸೈನಿಕನ ಲೋಕ. ಅಲ್ಲಿಯ ಪೂಜಾವಿಧಿ ನಮ್ಮದಲ್ಲ. ಆದರೂ ಚರಿತ್ರಕಾರನು ಗಮನಿಸಬೇಕಾದ ಒಂದು ಸಂಗತಿ ಅಲ್ಲಿದೆ. ಸಾವಿನ ಬಾಯಿಂದ ಹಿಂದಿರುಗಿದ ಮನುಷ್ಯನಿಗೆ ಒಂದು ಪ್ರಾಣಿಯ ಒಡನಾಟ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ಅವನು ಅದರ ಸಾವನ್ನು ಖಾಸಗಿ ದುಃಖವಾಗಿ ಬಿಡಲಿಲ್ಲ. ಊರಿನ ನೆನಪಿಗೆ ಒಪ್ಪಿಸಿದನು. ಊರು ಅದನ್ನು ಸ್ವೀಕರಿಸಿತು.

ಕೊಡಗಿನೊಳಗೂ ಇಂಥ ನೆನಪು ಬೇರೆ ರೂಪದಲ್ಲಿ ಉಳಿದಿದೆ. ಇಲ್ಲಿಯ ದೇವರಕಾಡುಗಳಲ್ಲಿ, ಬೇಟೆಯ ದೈವವೆಂದು ನಂಬಲಾದ ಅಯ್ಯಪ್ಪನ ನೆಲೆಗಳಲ್ಲಿ, ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಇದೆ. ಕಾಡಂಚಿನಲ್ಲಿ ಬದುಕಿದವರಿಗೆ ನಾಯಿ ಅಲಂಕಾರದ ಪ್ರಾಣಿಯಾಗಿರಲಿಲ್ಲ. ಕೊಡಗಿನ ಮನೆಗಳು ಒತ್ತಾಗಿ ಕಟ್ಟಿದ ಊರುಗಳಲ್ಲ. ಗದ್ದೆ, ತೋಟಗಳ ನಡುವೆ ಚದುರಿದ ಒಂಟಿ ಮನೆಗಳೇ ಹೆಚ್ಚು. ಆನೆ ತೋಟಕ್ಕೆ ಇಳಿದುದನ್ನು ಮೊದಲು ಅರಿಯುವುದು ನಾಯಿ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ವೃದ್ಧರಿಗೆ, ಮಳೆಗಾಲದ ತಿಂಗಳುಗಳಲ್ಲಿ ದಿನವಿಡೀ ಮಾತಿಗೆ ಸಿಗುವ ಜೀವವೂ ಎಷ್ಟೋ ಸಲ ಅದೇ. ತೋಟದ ಲೈನುಮನೆಗಳ ಕೂಲಿಕಾರರ ಬಾಗಿಲಲ್ಲಿಯೂ ಒಂದು ನಾಯಿ ಇದ್ದೇ ಇರುತ್ತದೆ.

ವಲಸೆ ಬಂದವರ ಗ್ರಂಥ

ಕೊಡಗಿನ ಕಥೋಲಿಕ ಸಮುದಾಯವೂ ಹುಟ್ಟಿದ್ದು ನೆಲೆ ಕಳೆದುಕೊಂಡವರಿಂದ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಸೆರೆಯಿಂದ ತಪ್ಪಿಸಿಕೊಂಡ ಕೆಲವರಿಗೆ ದೊಡ್ಡ ವೀರರಾಜೇಂದ್ರನು ಕೊಡಗಿನಲ್ಲಿ ಆಶ್ರಯವನ್ನೂ ಭೂಮಿಯನ್ನೂ ಕೊಟ್ಟನು. ಅವನೂ ಪಿರಿಯಾಪಟ್ಟಣದಲ್ಲಿ ಬಂಧಿಯಾಗಿದ್ದು 1788ರಲ್ಲಿ ಪಾರಾಗಿ ಬಂದವನು. 1792ರಲ್ಲಿ ನೆಲೆಗೊಂಡ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ ಈ ಆಶ್ರಯದಲ್ಲಿದೆ. ಆದುದರಿಂದ ಗಡೀಪಾರಿನ ಬದುಕನ್ನು ಹೇಳುವ ಬೈಬಲ್ಲಿನ ಗ್ರಂಥಗಳು ಕೊಡಗಿನ ಧರ್ಮಸಭೆಗೆ ಹೊರಗಿನವಲ್ಲ.

ಅಂಥ ಗ್ರಂಥಗಳಲ್ಲಿ ತೊಬೀತನ ಗ್ರಂಥ ಒಂದು. ನಿನೆವೆಗೆ ಸೆರೆಯಾಗಿ ಹೋದ ಇಸ್ರಯೇಲರ ನಡುವೆ ತೊಬೀತನು ದಾನಶೀಲನು: ಹಸಿದವರಿಗೆ ಅನ್ನ, ಬೆತ್ತಲೆ ಇದ್ದವರಿಗೆ ಬಟ್ಟೆ, ಸತ್ತವರಿಗೆ ಸಮಾಧಿ ಕೊಟ್ಟವನು. ಅವನು ಕುರುಡನಾಗುತ್ತಾನೆ. ಹೆಂಡತಿ ಅನ್ನಳು ಕೂಲಿ ನೇಯ್ದು ಮನೆ ನಡೆಸುತ್ತಾಳೆ. ಒಂದು ದಿನ ಕೆಲಸ ಕೊಟ್ಟವರು ಕೂಲಿಯ ಜೊತೆಗೆ ಒಂದು ಮೇಕೆಮರಿಯನ್ನೂ ಕೊಡುತ್ತಾರೆ. ಅದರ ಕೂಗು ಕೇಳಿದ ತೊಬೀತನು ಕದ್ದು ತಂದೆಯೆಂದು ಹೆಂಡತಿಯನ್ನು ಗದರಿಸುತ್ತಾನೆ. ಕೊಡುವವನಾಗಿದ್ದವನಿಗೆ ಪಡೆಯುವವನಾಗುವುದು ಎಷ್ಟು ಕಹಿಯೆಂಬುದನ್ನು ಆ ಜಗಳ ತೋರಿಸುತ್ತದೆ. ಮುಂದೆ ಮಗ ತೊಬಿಯಾಸನು ದೂರದ ಪ್ರಯಾಣಕ್ಕೆ ಹೊರಟಾಗ ಅವನ ಜೊತೆ ಇಬ್ಬರು ಹೊರಡುತ್ತಾರೆ: ವೇಷ ಮರೆಸಿಕೊಂಡ ರಫಾಯೇಲ ದೂತ ಮತ್ತು ಮನೆಯ ನಾಯಿ. ನಾಯಿ ಏನನ್ನೂ ಮಾಡುವುದಿಲ್ಲ. ಹೋಗುವಾಗ ಜೊತೆ ನಡೆಯುತ್ತದೆ, ಬರುವಾಗಲೂ ಜೊತೆ ನಡೆಯುತ್ತದೆ. ಲತೀನ್ ವುಲ್ಗಾತ ಪಾಠದಲ್ಲಿ ಮಾತ್ರ ಅದು ಮುಂದೆ ಓಡಿ, ಬಾಲ ಅಲ್ಲಾಡಿಸುತ್ತ ಮನೆಗೆ ಸುದ್ದಿ ಮುಟ್ಟಿಸುತ್ತದೆ. ದೇವರ ದೂತನಿದ್ದ ದಾರಿಯಲ್ಲಿ ನಾಯಿಗೇನು ಕೆಲಸವೆಂದು ಗ್ರಂಥಕರ್ತನು ಕೇಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಇದಕ್ಕಿಂತಲೂ ತೀಕ್ಷ್ಣವಾದುದು ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯ. ದಾವೀದನ ಪಾಪವನ್ನು ತೋರಿಸಲು ನಾತಾನ ಪ್ರವಾದಿ ಹೇಳಿದ ಕಥೆಯಲ್ಲಿ ಬಡವನಿಗೆ ಒಂದೇ ಒಂದು ಕುರಿಮರಿ. ಅದು ಅವನ ತುತ್ತಿನಲ್ಲಿ ಪಾಲು ಪಡೆದು, ಅವನ ಬಟ್ಟಲಿನಿಂದ ಕುಡಿದು, ಅವನ ಮಡಿಲಲ್ಲಿ ಮಲಗುತ್ತಿತ್ತು, ಮಗಳಂತಿತ್ತು. ಇಲ್ಲಿ ಪ್ರಾಣಿಪ್ರೀತಿ ಸಿರಿವಂತನ ಗುಣವಲ್ಲ. ಮಂದೆ ಮಂದೆ ಕುರಿಗಳಿದ್ದವನಿಗೆ ಒಂದು ಮರಿಯ ಬೆಲೆ ತಿಳಿಯದು. ಏನೂ ಇಲ್ಲದವನಿಗೆ ತಿಳಿಯುತ್ತದೆ. ದಾವೀದನ ಕೋಪ ಕೆರಳಿದ್ದೂ ಆಸ್ತಿ ಕಳುವಾಯಿತೆಂದಲ್ಲ, ದಯೆ ಸತ್ತಿತೆಂದು. ಲೂಕನ ಶುಭಸಂದೇಶದಲ್ಲಿ ಲಾಜರನ ಹುಣ್ಣುಗಳನ್ನು ನೆಕ್ಕಲು ಬಂದ ನಾಯಿಗಳನ್ನು ಕೆಲವು ವ್ಯಾಖ್ಯಾನಕಾರರು ಅವನ ಅವಮಾನದ ಕೊನೆಯ ಮೆಟ್ಟಿಲೆಂದು ಓದುತ್ತಾರೆ; ಬೇರೆ ಕೆಲವರು ಮನುಷ್ಯರು ತೋರದ ಕರುಣೆಯೆಂದು ಓದುತ್ತಾರೆ. ಎರಡು ಓದುಗಳಲ್ಲಿಯೂ ಒಂದು ಮಾತು ನಿಲ್ಲುತ್ತದೆ: ಅವನ ಬಳಿಗೆ ಬಂದದ್ದು ಅವು ಮಾತ್ರ.

ಕೊಡುವವನಾಗಿ ಉಳಿಯುವುದು

ಈ ಕಥೆಗಳನ್ನು ಓದಿ ಮತ್ತೆ ಪರಿಹಾರ ಕೇಂದ್ರದ ಕಡೆ ನೋಡಿದರೆ ಒಂದು ಸತ್ಯ ಕಾಣುತ್ತದೆ. ಸಾಕುಪ್ರಾಣಿ ನೀಡುವ ಸಾಂತ್ವನವನ್ನು ನಾವು ಸಾಮಾನ್ಯವಾಗಿ ಅದರ ಪ್ರೀತಿಯಲ್ಲಿ ಹುಡುಕುತ್ತೇವೆ: ಅದು ಪ್ರಶ್ನೆ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಸುಮ್ಮನೆ ಬಳಿ ಬಂದು ಕೂರುತ್ತದೆ. ಅದು ನಿಜ. ಆದರೆ ಅರ್ಧ ನಿಜ. ಪರಿಹಾರ ಕೇಂದ್ರದಲ್ಲಿ ಎಲ್ಲರೂ ಪಡೆಯುವವರೇ. ಅನ್ನಕ್ಕೆ ಸಾಲು, ಚಾಪೆಗೆ ಸಾಲು, ಔಷಧಿಗೆ ಸಾಲು. ನಿನ್ನೆಯವರೆಗೆ ಹತ್ತು ಜನರಿಗೆ ಉಣಬಡಿಸುತ್ತಿದ್ದ ಗೃಹಿಣಿ ಇಂದು ತಟ್ಟೆ ಹಿಡಿದು ನಿಲ್ಲುತ್ತಾಳೆ. ಆ ಸ್ಥಿತಿಯಲ್ಲಿ ಅವಳಿಂದ ಇನ್ನೂ ಏನನ್ನಾದರೂ ಬೇಡುವ ಜೀವವೊಂದಿದ್ದರೆ, ತನ್ನ ತಟ್ಟೆಯಿಂದ ಒಂದು ತುತ್ತು ತೆಗೆದಿಡುವ ಅವಕಾಶವಿದ್ದರೆ, ಅವಳು ಕೊಡುವವಳಾಗಿಯೇ ಉಳಿಯುತ್ತಾಳೆ. ನಾತಾನನ ಕಥೆಯ ಬಡವನ ಘನತೆ ಇದ್ದುದು ಅಲ್ಲಿಯೇ. ನಮ್ಮ ನೆರವು ಹೊಟ್ಟೆ ತುಂಬಿಸಬಹುದು. ಈ ಘನತೆಯನ್ನು ಹಿಂತಿರುಗಿಸಲಾರದು.

ಪ್ರಾಯೋಗಿಕ ಪರಿಣಾಮಗಳೂ ಸಣ್ಣವಲ್ಲ. 2005ರ ಆಗಸ್ಟ್‌ನಲ್ಲಿ ಕತ್ರೀನ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅನೇಕ ಆಶ್ರಯತಾಣಗಳು ಪ್ರಾಣಿಗಳನ್ನು ಸೇರಿಸಲಿಲ್ಲ. ತಮ್ಮ ನಾಯಿ, ಬೆಕ್ಕುಗಳನ್ನು ಬಿಟ್ಟು ಬರಲೊಪ್ಪದೆ ನೀರಿನ ನಡುವೆಯೇ ಉಳಿದವರಿದ್ದರು. ಆ ಅನುಭವದಿಂದ 2006ರಲ್ಲಿ ಅಲ್ಲಿ ಕಾನೂನೇ ಬಂತು: ವಿಪತ್ತಿನ ಸಿದ್ಧತೆಯಲ್ಲಿ ಸಾಕುಪ್ರಾಣಿಗಳಿರುವ ಕುಟುಂಬಗಳ ಅಗತ್ಯವನ್ನೂ ಸೇರಿಸಬೇಕೆಂದು. ಅಂದರೆ ‘ಮೊದಲು ಮನುಷ್ಯ, ಆಮೇಲೆ ಪ್ರಾಣಿ’ ಎಂಬ ಸಾಲು ಅಷ್ಟು ಸರಳವಲ್ಲ. ಎಷ್ಟೋ ಸಲ ಪ್ರಾಣಿಯನ್ನು ಕೈಬಿಟ್ಟರೆ ಮನುಷ್ಯನೂ ಕೈಬಿಟ್ಟು ಹೋಗುತ್ತಾನೆ.

ಧರ್ಮಸಭೆಯ ಎಚ್ಚರಿಕೆ

ಇಲ್ಲಿ ಧರ್ಮಸಭೆಯ ಎಚ್ಚರಿಕೆಯ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಈ ವಿಷಯವನ್ನು ತೂಗಿ ನೋಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವು ಇರುವುದರಿಂದಲೇ ದೇವರನ್ನು ಮಹಿಮೆಪಡಿಸುತ್ತವೆ, ಅವುಗಳಿಗೆ ನಾವು ದಯೆ ತೋರಬೇಕು ಎಂದು ಹೇಳಿ ಸಂತ ಫ್ರಾನ್ಸಿಸ್ ಅಸ್ಸಿಸಿ ಮತ್ತು ಸಂತ ಫಿಲಿಪ್ ನೇರಿಯವರನ್ನು ನೆನೆಯುತ್ತದೆ. ಮನುಷ್ಯರ ಕಷ್ಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದು ತಕ್ಕುದಲ್ಲವೆಂದೂ, ಮನುಷ್ಯರಿಗೆ ಮಾತ್ರ ಸಲ್ಲುವ ಪ್ರೀತಿಯನ್ನು ಅವುಗಳಿಗೆ ಕೊಡಬಾರದೆಂದೂ ಹೇಳುತ್ತದೆ. 2022ರ ಜನವರಿಯಲ್ಲಿ ವಿಶ್ವಗುರು ಫ್ರಾನ್ಸಿಸರು, ಮಕ್ಕಳ ಸ್ಥಾನದಲ್ಲಿ ನಾಯಿ, ಬೆಕ್ಕುಗಳನ್ನು ಇರಿಸಿಕೊಳ್ಳುವ ದಂಪತಿಗಳ ಬಗ್ಗೆ ಆಡಿದ ಮಾತು ದೊಡ್ಡ ಚರ್ಚೆಗೆ ಕಾರಣವಾಯಿತು. ಅದೇ ವಿಶ್ವಗುರುಗಳು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಪ್ರತಿ ಜೀವಿಗೂ ಉಪಯೋಗವನ್ನು ಮೀರಿದ ಸ್ವಂತ ಬೆಲೆ ಇದೆಯೆಂದು ಬೋಧಿಸಿದ್ದರು.

ಈ ಮಾತುಗಳಲ್ಲಿ ವಿರೋಧವಿಲ್ಲ. ಎಚ್ಚರಿಕೆ ಇರುವುದು ಮನುಷ್ಯನಿಂದ ಮುಖ ತಿರುಗಿಸಲು ಪ್ರಾಣಿಯನ್ನು ನೆಪಮಾಡಿಕೊಳ್ಳುವವನಿಗೆ. ತನ್ನ ತುತ್ತನ್ನು ಹಂಚಿಕೊಳ್ಳುವ ಬಡವನು ಆ ಮಾತಿನ ಗುರಿಯಲ್ಲ. ಯೋನನ ಗ್ರಂಥದ ಕೊನೆಯ ವಾಕ್ಯವನ್ನು ನೆನೆಯೋಣ: ನಿನೆವೆಯ ಮೇಲೆ ತಾನು ಏಕೆ ಮರುಗಬಾರದೆಂದು ಕೇಳುವ ದೇವರು ಅಲ್ಲಿಯ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಮೀರಿದ ಜನರನ್ನೂ ಅಲ್ಲಿಯ ಬಹಳ ಪಶುಗಳನ್ನೂ ಒಂದೇ ಉಸಿರಿನಲ್ಲಿ ಎಣಿಸುತ್ತಾರೆ. ಮೊದಲು ಮನುಷ್ಯರ ಹೆಸರು ಬರುತ್ತದೆ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ.

ಪಾಲಕನ ಮುಂದಿರುವ ಕೆಲಸ

ಕೊಡಗಿನಲ್ಲಿ 2018 ಕೊನೆಯ ಮಳೆಯಾಗಲಿಲ್ಲ. ಮುಂದಿನ ವರ್ಷಗಳ ಆಗಸ್ಟ್‌ಗಳಲ್ಲಿಯೂ ಗುಡ್ಡಗಳು ಜರಿದವು. ಇನ್ನು ಮುಂದೆಯೂ ಧರ್ಮಕೇಂದ್ರಗಳ ಸಭಾಭವನಗಳು, ನಮ್ಮ ಶಾಲೆಗಳು ಪರಿಹಾರ ಕೇಂದ್ರಗಳಾಗಿ ತೆರೆಯಬೇಕಾದೀತು. ಆಗ ಬಾಗಿಲಲ್ಲಿ ನಿಂತವನ ಕಂಕುಳಲ್ಲಿ ಒಂದು ನಾಯಿಮರಿಯಿದ್ದರೆ ಗುರುಗಳು ಏನು ಹೇಳಬೇಕು? ರೇಬಿಸ್ ಮತ್ತು ಇಲಿಜ್ವರದ ಭಯ ನಿಜವಾದದ್ದು; ಮಲಗಿರುವ ಮಕ್ಕಳ ನಡುವೆ ಪ್ರಾಣಿಗಳನ್ನು ಬಿಡಲಾಗದು. ಆದರೆ ಅಂಗಳದ ಮೂಲೆಯಲ್ಲಿ ತಗಡಿನ ಒಂದು ಮಾಡು, ಕಟ್ಟಲು ಹಗ್ಗ, ಪಶುವೈದ್ಯಾಧಿಕಾರಿಯ ದೂರವಾಣಿ ಸಂಖ್ಯೆ, ಮಳೆಗಾಲಕ್ಕೆ ಮೊದಲೇ ಊರಿನ ನಾಯಿಗಳಿಗೆ ಲಸಿಕೆ — ಇವು ಯಾವ ಧರ್ಮಕೇಂದ್ರಕ್ಕೂ ಭಾರವಲ್ಲ. ಮನೆ ಮನೆ ಭೇಟಿಯ ಪಟ್ಟಿಯಲ್ಲಿ ಒಂಟಿಯಾಗಿರುವ ವೃದ್ಧರ ಹೆಸರಿನ ಮುಂದೆ ಅವರು ಸಾಕಿದ ಪ್ರಾಣಿಯನ್ನೂ ಬರೆದಿಟ್ಟರೆ, ಸ್ಥಳಾಂತರದ ದಿನ ಅವರು ಏಕೆ ಹೊರಡುತ್ತಿಲ್ಲವೆಂದು ಯಾರೂ ಊಹಿಸಬೇಕಾಗಿಲ್ಲ.

ಸತ್ತ ನಾಯಿಗಾಗಿ ಅಳುವವರಿಗೆ ಹೇಳುವ ಮಾತೂ ಪಾಲನಾ ಸೇವೆಯ ಭಾಗವೇ. ‘ಇನ್ನೊಂದು ತಂದರಾಯಿತು’ ಎನ್ನುವುದು ಸುಲಭ. ಮಣಲೇರನಿಗೆ ಯಾರೂ ಹಾಗೆ ಹೇಳಲಿಲ್ಲವೆಂಬುದಕ್ಕೆ ಕಲ್ಲು ಸಾಕ್ಷಿಯಾಗಿದೆ. ಪ್ಲೇಗಿನ ಕಾಲದ ಪಾಲಕ ಸಂತ ರೋಕ್ ಅವರ ಪ್ರತಿಮೆಯ ಕಾಲ ಬಳಿ, ಅವರು ರೋಗಿಯಾಗಿ ಕಾಡು ಸೇರಿದಾಗ ರೊಟ್ಟಿ ತಂದುಕೊಟ್ಟಿತೆಂದು ಹೇಳಲಾಗುವ ನಾಯಿಯೂ ಇರುತ್ತದೆ. ಆ ಸಂತರ ಹಬ್ಬ ಆಗಸ್ಟ್ 16, ಕೊಡಗಿನ ಗುಡ್ಡಗಳು ಜರಿದ ದಿನಗಳ ನಡುವೆ. ಪ್ರತಿವರ್ಷ ಆ ದಿನ, ಮಳೆಯ ನಡುವೆ, ಧರ್ಮಕೇಂದ್ರದ ಅಂಗಳಕ್ಕೆ ಸಾಕುಪ್ರಾಣಿಗಳನ್ನು ಕರೆತರಲು ಹೇಳಿ ಅವುಗಳಿಗೂ ಅವುಗಳ ಒಡೆಯರಿಗೂ ಆಶೀರ್ವಾದ ಕೋರಬಹುದು. ಅದೇ ಅಂಗಳದಲ್ಲಿ ಲಸಿಕೆಯನ್ನೂ ಹಾಕಿಸಬಹುದು. ಕೊಡಗಿನ ಧರ್ಮಕೇಂದ್ರಗಳಲ್ಲಿ ಸೇವೆಗೆ ಹೋಗಲಿರುವ ಕಿರಿಯ ಗುರುಗಳು ಇದನ್ನು ಆರಂಭಿಸಲಿ ಎಂಬುದು ನಮ್ಮ ಕೋರಿಕೆ.