ಮಗುವಿನ ಹೆಸರು ಎಲ್ಲಿ ಹಚ್ಚೋಣ? ಸಾಂಗಲಿ–ಮಿರಜದ ಕನ್ನಡ ಪಾಲಕರಿಗೆ ಒಂದಿಷ್ಟು ಇತಿಹಾಸ



ಬೇಸಿಗೆಯ ರಜೆ ಬಿದ್ದ ಕೂಡಲೇ ನಮ್ಮ ಮನೆಗೆ ನಾಲ್ಕಾರು ಕುಟುಂಬಗಳು ಬರುವುದು ವಾಡಿಕೆಯಾಗಿದೆ. ಕುಳಿತು ನೀರು ಕುಡಿದ ಮೇಲೆ ಕೇಳುವ ಪ್ರಶ್ನೆ ಒಂದೇ: ‘ಸರ್, ಮಗುವಿನ ಹೆಸರು ಎಲ್ಲಿ ಹಚ್ಚೋಣ?’ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲೋ, ಮಗ್ಗುಲಿನ ಮರಾಠಿ ಶಾಲೆಯಲ್ಲೋ, ಸಾಂಗಲಿ–ಮಿರಜ ರಸ್ತೆಯ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲೋ? ಕನ್ನಡ ಎಂ.ಎ. ಮಾಡಿ, ಕನ್ನಡ ಶಾಲೆಯ ಮುಖ್ಯಾಧ್ಯಾಪಕನಾಗಿ ನಿವೃತ್ತನಾದ ನಾನು ‘ಕನ್ನಡ ಶಾಲೆಗೇ ಕಳಿಸಿರಿ’ ಎಂದು ಎದೆ ತಟ್ಟಿ ಹೇಳುವೆನೆಂದು ಅವರ ನಿರೀಕ್ಷೆ. ನಾನು ಹಾಗೆ ಹೇಳಲಾರೆ. ಹೇಳುವ ಅಧಿಕಾರವನ್ನು ನಾನು ಎಂದೋ ಕಳೆದುಕೊಂಡಿದ್ದೇನೆ. ಆ ಮಾತು ಮುಂದೆ ಬರುತ್ತದೆ. ಹೇಳಬಲ್ಲದ್ದು ಇಷ್ಟೇ: ನಿಮ್ಮ ಮುಂದಿರುವ ಆಯ್ಕೆ ಹೊಸದಲ್ಲ. ಈ ನೆಲದಲ್ಲಿ ಅದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದನ್ನು ಅರಿತು ಆಯ್ದರೆ ಪ್ರಶ್ನೆಗಳನ್ನಾದರೂ ಸರಿಯಾಗಿ ಕೇಳಬಹುದು.

ಮೊದಲು ಊರಿನ ಮಾತು. ಪಟವರ್ಧನ ಮನೆತನದ ಚಿಂತಾಮಣರಾವ ಅಪ್ಪಾಸಾಹೇಬರು 1801ರಲ್ಲಿ ಮಿರಜದಿಂದ ಬೇರ್ಪಟ್ಟು ಸಾಂಗಲಿಯಲ್ಲಿ ಗದ್ದುಗೆ ಸ್ಥಾಪಿಸಿದರು. ಆ ಸಂಸ್ಥಾನದ ಭೂಪಟವನ್ನು ಇಂದು ನೋಡಿದರೆ ಆಶ್ಚರ್ಯವಾಗುತ್ತದೆ. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ತೇರದಾಳ, ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರ, ಗದಗ ಜಿಲ್ಲೆಯ ಶಿರಹಟ್ಟಿ, ಇವೆಲ್ಲವೂ ಸಾಂಗಲಿಯ ತಾಲೂಕುಗಳಾಗಿದ್ದವು. ಲಕ್ಷ್ಮೇಶ್ವರವು ಹಿರಿಯ ಮಿರಜ ಸಂಸ್ಥಾನಕ್ಕೆ ಸೇರಿತ್ತು. ದಫ್ತರದ ಭಾಷೆ ಮರಾಠಿ, ಪ್ರಜೆಗಳಲ್ಲಿ ಸಾವಿರಾರು ಜನ ಕನ್ನಡಿಗರು. ಶಿರಹಟ್ಟಿಯ ಹುಡುಗನೊಬ್ಬ ಓದಲು ಸಾಂಗಲಿಗೆ ಬಂದರೆ ಅವನು ತನ್ನ ರಾಜಧಾನಿಗೇ ಬಂದಂತಾಗುತ್ತಿತ್ತು. ಅಲ್ಪಸಂಖ್ಯಾತನೆಂಬ ಶಬ್ದವೇ ಅವನಿಗೆ ತಿಳಿದಿರಲಿಲ್ಲ. (ಮರಾಠಿ ರಂಗಭೂಮಿಯ ಮೊದಲ ನಾಟಕವೆಂದು ಹೆಸರಾದ, ವಿಷ್ಣುದಾಸ ಭಾವೆಯವರ 1843ರ ‘ಸೀತಾಸ್ವಯಂವರ’ಕ್ಕೆ ಪ್ರೇರಣೆಯಾದದ್ದು ಇದೇ ಸಾಂಗಲಿಗೆ ಬಂದು ಆಡಿದ ಕನ್ನಡದ ಭಾಗವತ ಮೇಳ ಎಂಬುದನ್ನು ನಮ್ಮ ಮಕ್ಕಳಿಗೆ ಯಾವ ಶಾಲೆಯೂ ಹೇಳುವುದಿಲ್ಲ. ಇರಲಿ.)

ಇನ್ನು ಖಾಸಗಿ ಶಾಲೆ. ಈ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬಸ್ಸು, ಟೈ, ಶುಲ್ಕದ ಪಾವತಿ ನಿಲ್ಲುತ್ತವೆ. ಆದರೆ ಮುಂಬಯಿ ಪ್ರಾಂತದಲ್ಲಿ ಸರಕಾರದ ಹಂಗಿಲ್ಲದ ಶಾಲೆ ಹುಟ್ಟಿದ್ದು ಶಿಕ್ಷಕರ ತ್ಯಾಗದಿಂದ. 1880ರಲ್ಲಿ ಪುಣೆಯಲ್ಲಿ ಚಿಪಳೂಣಕರ, ಟಿಳಕ, ಆಗರಕರರ ಮುಂದಾಳುತನದಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು; 1884ರಲ್ಲಿ ಅದರಿಂದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ ಮೂಡಿತು. ಅಲ್ಪ ವೇತನಕ್ಕೆ ದುಡಿಯುವ ಆಜೀವ ಸದಸ್ಯರೇ ಅದರ ಬಂಡವಾಳ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕನ್ನಡ, ಮರಾಠಿ ಎರಡೂ ಮನೆಮಾತಿನ ಹುಡುಗರಿಗಾಗಿ ವಸತಿಗೃಹಗಳನ್ನು ಕಟ್ಟಿತು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆಯನ್ನು ತೆರೆದರು; ಅದೇ ಇಂದಿನ ಕೆ.ಎಲ್.ಇ. ಸಂಸ್ಥೆಯ ಬೀಜ. 1919ರಲ್ಲಿ ಕರ್ಮವೀರ ಭಾವೂರಾವ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು.

ಅದೇ 1919ರಲ್ಲಿ ಸಾಂಗಲಿ ಮತ್ತು ಮಿರಜಗಳ ನಡುವೆ, ಈಗಿನ ವಿಶ್ರಾಮಬಾಗದಲ್ಲಿ, ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯು ವಿಲಿಂಗ್ಡನ್ ಕಾಲೇಜನ್ನು ತೆರೆಯಿತು. ಇಲ್ಲಿ ಸ್ವಲ್ಪ ನಿಲ್ಲೋಣ. ಸಂಸ್ಥೆ ಪುಣೆಯದು, ಆಡಳಿತ ಮರಾಠಿಗರದು, ಬೋಧನೆಯ ಮಾಧ್ಯಮ ಇಂಗ್ಲಿಷ್. ಆದರೂ ಅಲ್ಲಿ ಕನ್ನಡಕ್ಕೊಂದು ಪೀಠವಿತ್ತು. ರಂ.ಶ್ರೀ. ಮುಗಳಿಯವರು ದೀರ್ಘಕಾಲ ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1956ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ಯ ಕರ್ತೃ ಅವರೇ. ವಿ.ಕೃ. ಗೋಕಾಕರು ಅದೇ ಕಾಲೇಜಿನ ಪ್ರಾಚಾರ್ಯರಾಗಿದ್ದರು. ನಾವೆಲ್ಲ ಧಾರವಾಡದಲ್ಲಿ ಎಂ.ಎ. ಓದುವಾಗ ಪಠ್ಯವಾಗಿ ಹಿಡಿದ ಸಾಹಿತ್ಯ ಚರಿತ್ರೆಯ ಹಿಂದೆ ಮರಾಠಿ ನಾಡಿನ ಒಂದು ಖಾಸಗಿ ಸಂಸ್ಥೆಯ ಸಂಬಳವಿತ್ತು ಎಂಬುದನ್ನು ಮರೆಯಬಾರದು. ಖಾಸಗಿ ಸಂಸ್ಥೆಯೆಂದರೆ ಕನ್ನಡಕ್ಕೆ ಶತ್ರು ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಅಲ್ಲಿ ಕನ್ನಡ ಉಳಿದದ್ದು ಫಲಕದಿಂದಲ್ಲ, ಮಾಧ್ಯಮದಿಂದಲೂ ಅಲ್ಲ. ಕನ್ನಡ ಕಲಿಸುವವನೊಬ್ಬನನ್ನು ನೇಮಿಸಿ, ತಿಂಗಳು ತಿಂಗಳು ಸಂಬಳ ಕೊಡಲು ಆ ಸಂಸ್ಥೆ ಒಪ್ಪಿತ್ತು, ಅಷ್ಟೇ.

1948ರ ಮಾರ್ಚ್ 8ರಂದು ಸಾಂಗಲಿ ಸಂಸ್ಥಾನ ವಿಲೀನವಾಯಿತು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯಾಯಿತು. 1960ರಲ್ಲಿ ಅದಕ್ಕೆ ಸಾಂಗಲಿಯೆಂದು ಹೆಸರಾಯಿತು. ನಡುವೆ 1956ರ ನವೆಂಬರ್ 1 ಬಂದಿತು. ಬೆಳಗಾವಿ, ವಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು. ಜತ್ತ, ಮಿರಜ ಇಲ್ಲಿಯೇ ಉಳಿದವು. ಯಾರೂ ಮನೆ ಬದಲಿಸಲಿಲ್ಲ. ಆದರೂ ಒಂದು ರಾತ್ರಿಯಲ್ಲಿ ನಮ್ಮ ಹಿರಿಯರು ಭಾಷಾ ಅಲ್ಪಸಂಖ್ಯಾತರಾದರು.

ಈ ಹೊಸ ಸ್ಥಿತಿಗೆ ದೇಶವು ಕೊಟ್ಟ ಉತ್ತರ ಎರಡು ಬಗೆಯದು. ಪಾಲಕರು ಅವೆರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ಒಂದು, ಸಂವಿಧಾನದ 350ಎ ವಿಧಿ. ರಾಜ್ಯ ಪುನರ್ವಿಂಗಡಣೆಯ ಹೊತ್ತಿನಲ್ಲೇ ಏಳನೆಯ ತಿದ್ದುಪಡಿಯಿಂದ ಸೇರಿದ ಈ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಯತ್ನಿಸಬೇಕೆಂದು ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. ಎಷ್ಟು ಮಕ್ಕಳಿದ್ದರೆ? ಅದರ ಲೆಕ್ಕವನ್ನು 1949ರ ಆಗಸ್ಟಿನಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಕೊಟ್ಟಿತ್ತು: ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕ ಬೇಕು. ಎರಡನೆಯದು 30ನೆಯ ವಿಧಿ. ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಾಲೆಯನ್ನು ತಾವೇ ಕಟ್ಟಿ ನಡೆಸಬಹುದು.

350ಎ ವಿಧಿ ಮಾತನಾಡುವುದು ರಾಜ್ಯದೊಡನೆ, ಜಿಲ್ಲಾ ಪರಿಷತ್ತಿನೊಡನೆ, ನಗರಪಾಲಿಕೆಯೊಡನೆ. ಖಾಸಗಿ ಶಾಲೆಯ ಸಂಚಾಲಕರಿಗೆ ಅದು ಏನನ್ನೂ ಹೇಳುವುದಿಲ್ಲ. ನಿಮ್ಮ ಮಗುವನ್ನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಿಂದ ಬಿಡಿಸಿ ಖಾಸಗಿ ಶಾಲೆಗೆ ಹಾಕಿದ ದಿನ, ಕನ್ನಡ ಶಿಕ್ಷಕನನ್ನು ಕೇಳುವ ಆ ಹಕ್ಕು ನಿಮ್ಮ ಜೊತೆಗೆ ಬಸ್ಸು ಹತ್ತುವುದಿಲ್ಲ. ಹಿಂದೆ ಉಳಿದ ಒಂಬತ್ತು ಮಕ್ಕಳ ಲೆಕ್ಕವೂ ಹತ್ತರಿಂದ ಕೆಳಗಿಳಿಯುತ್ತದೆ. ನಿಮ್ಮನ್ನು ಅಪರಾಧಿಗಳೆನ್ನುತ್ತಿಲ್ಲ. ಲೆಕ್ಕ ಹೀಗಿದೆ ಎನ್ನುತ್ತಿದ್ದೇನೆ.

ಹಾಗಾದರೆ ಆಯ್ಕೆಯ ಹಕ್ಕು ಯಾರದು? ಇದಕ್ಕೆ ನಮ್ಮ ಹಳೆಯ ಮುಂಬಯಿ ರಾಜ್ಯದ ಒಂದು ಪ್ರಕರಣವೇ ಬುನಾದಿ. 1954ರ ಜನವರಿ 6ರಂದು ಸರಕಾರ ಹೊರಡಿಸಿದ ಆಜ್ಞೆಯ ಪ್ರಕಾರ, ಆಂಗ್ಲೋ ಇಂಡಿಯನ್ನರು ಮತ್ತು ಏಶಿಯೇತರ ಮೂಲದವರನ್ನು ಬಿಟ್ಟು ಬೇರೆ ಯಾರಿಗೂ ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ಪ್ರವೇಶವಿರಲಿಲ್ಲ. ದೇವಳಾಲಿಯ ಬಾರ್ನ್ಸ್ ಹೈಸ್ಕೂಲನ್ನು ನಡೆಸುತ್ತಿದ್ದ ಸಂಸ್ಥೆಯೂ ಪ್ರವೇಶ ಸಿಗದ ಮಕ್ಕಳ ತಂದೆಯರೂ ನ್ಯಾಯಾಲಯದ ಮೆಟ್ಟಿಲೇರಿದರು. ಅದೇ ವರ್ಷದ ಮೇ 26ರಂದು ಸುಪ್ರೀಂ ಕೋರ್ಟು ಆ ಆಜ್ಞೆ ಸಲ್ಲದೆಂದಿತು. ಅಮೆರಿಕೆಯಲ್ಲಿಯೂ ಇದಕ್ಕೆ ಮುಂಚೆ ಇಂಥದೇ ಹೋರಾಟ ನಡೆದಿತ್ತು: ಮೊದಲ ಮಹಾಯುದ್ಧದ ಬಿಸಿಯಲ್ಲಿ ನೆಬ್ರಾಸ್ಕಾ ರಾಜ್ಯವು ಎಳೆಯ ಮಕ್ಕಳಿಗೆ ಅನ್ಯಭಾಷೆ ಕಲಿಸುವುದನ್ನೇ ಅಪರಾಧವಾಗಿಸಿತ್ತು, ಚರ್ಚಿನ ಶಾಲೆಯೊಂದರಲ್ಲಿ ಜರ್ಮನ್ ಓದಿಸಿದ ಶಿಕ್ಷಕನ ಪರವಾಗಿ 1923ರಲ್ಲಿ ತೀರ್ಪು ಬಂದಿತು.

ಗಡಿಯಾಚೆ ನಡೆದ ಕಥೆ ಇನ್ನೂ ವಿಚಿತ್ರ. ಒಂದು ಕಾಲಕ್ಕೆ ಸಾಂಗಲಿಯಲ್ಲಿ ಪ್ರಾಚಾರ್ಯರಾಗಿದ್ದ ಗೋಕಾಕರ ಹೆಸರಿನ ವರದಿ 1981ರಲ್ಲಿ ಬಂದು, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ನಾವು ಇಲ್ಲಿ ಚಪ್ಪಾಳೆ ತಟ್ಟಿದೆವು. ಬೆಳಗಾವಿಯ ಮರಾಠಿ ಪಾಲಕ ಅಲ್ಲಿ ಕುಳಿತು ನಾವು ಇಲ್ಲಿ ಆಡುವ ಮಾತನ್ನೇ ಆಡುತ್ತಿದ್ದಾನೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. 1994ರಲ್ಲಿ ಕರ್ನಾಟಕವು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಿತು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಮಾತೃಭಾಷೆ ಯಾವುದೆಂದು ಹೇಳುವವರು ಪಾಲಕರೇ, ಮಾಧ್ಯಮವನ್ನು ಆಯುವ ಸ್ವಾತಂತ್ರ್ಯವೂ ಅವರದೇ ಎಂದು ತೀರ್ಮಾನಿಸಿತು. ಕನ್ನಡದ ಹಿರಿಯರು ಆ ತೀರ್ಪಿಗೆ ಮರುಗಿದರು. ನಾನೂ ಮರುಗಿದೆ. ಆದರೆ ಗಡಿಯ ಈಚೆಗಿರುವ ನಮಗೆ ಅದೇ ತೀರ್ಪು ಕವಚವೂ ಆಗಿದೆ.

ಮಹಾರಾಷ್ಟ್ರದಲ್ಲಿ ಈ ಸ್ವಾತಂತ್ರ್ಯಕ್ಕೆ ಒಂದು ಮಿತಿಯಿದೆ. ಗುಜರಾತಿ ಅಲ್ಪಸಂಖ್ಯಾತರು ನಡೆಸುತ್ತಿದ್ದ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಮರಾಠಿಯ ಕಡ್ಡಾಯವನ್ನು ಪ್ರಶ್ನಿಸಿದಾಗ, 2004ರಲ್ಲಿ ಸುಪ್ರೀಂ ಕೋರ್ಟು ಸರಕಾರದ ಪರ ನಿಂತಿತು. 2020ರ ಕಾಯಿದೆಯ ನಂತರ ಯಾವ ಮಂಡಳಿಯ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಇದಕ್ಕೆ ನನ್ನ ತಕರಾರಿಲ್ಲ. ಈ ನೆಲದ ಅನ್ನ ಉಂಡು ಇಲ್ಲಿಯ ಭಾಷೆ ಬಾರದಿದ್ದರೆ ನಷ್ಟ ನಮ್ಮದೇ. ಆದರೆ ವೇಳಾಪತ್ರಿಕೆಯನ್ನು ನೋಡಿರಿ. ಇಂಗ್ಲಿಷ್, ಮರಾಠಿ, ಐದನೆಯ ಇಯತ್ತೆಯ ಸುಮಾರಿಗೆ ಹಿಂದಿ. ನಾಲ್ಕನೆಯ ಭಾಷೆಗೆ ಅಲ್ಲಿ ತಾಸು ಎಲ್ಲಿದೆ? ಆ ಗುಜರಾತಿ ಶಾಲೆಗಳ ಪ್ರಕರಣದಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಶಾಲೆಯೊಂದಕ್ಕೆ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಅಲ್ಲಿ ಆ ಭಾಷೆಯಲ್ಲಿ ಪಾಠ ನಡೆಯುತ್ತದೆಂದು ಅರ್ಥವಲ್ಲ.

ಈಗ ನನ್ನ ಮಾತು. 1990ರ ದಶಕದಲ್ಲಿ ನನ್ನ ಮಗಳನ್ನು ನಾನು ಇಂಗ್ಲಿಷ್ ಮಾಧ್ಯಮದ ಒಂದು ಖಾಸಗಿ ಶಾಲೆಗೆ ಹಾಕಿದೆ. ಪ್ರತಿದಿನ ಬೆಳಿಗ್ಗೆ ಅವಳನ್ನು ಅಲ್ಲಿ ಇಳಿಸಿ, ನಾನು ಬೇರೆಯವರ ಮಕ್ಕಳಿಗೆ ಕನ್ನಡ ಕಲಿಸಲು ಹೋಗುತ್ತಿದ್ದೆ. ಪ್ರವೇಶದ ದಿನ ‘ನಮ್ಮಲ್ಲಿ ಕನ್ನಡ ಶಿಕ್ಷಕರಿದ್ದಾರೆ’ ಎಂದರು, ಇದ್ದರು ಕೂಡ. ಎರಡನೆಯ ವರ್ಷ ಅವರು ಬಿಟ್ಟುಹೋದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿದಾಗ ‘ಮಕ್ಕಳ ಸಂಖ್ಯೆ ಕಡಿಮೆ, ಸರ್’ ಎಂಬ ಉತ್ತರ. ಮನೆಯಲ್ಲಿ ನಾನೇ ಕಲಿಸುವೆನೆಂದುಕೊಂಡೆ. ಪರರ ಮಕ್ಕಳ ಉತ್ತರಪತ್ರಿಕೆಗಳ ನಡುವೆ ಆ ದಿನ ಬರಲೇ ಇಲ್ಲ.

ಮಗಳು ಚೆನ್ನಾಗಿ ಓದಿ ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾಳೆ. ಕನ್ನಡವನ್ನು ನಮ್ಮ ಹಾಗೆಯೇ ಮಾತನಾಡುತ್ತಾಳೆ, ಓದಲಾರಳು. ಅಥಣಿಯಲ್ಲಿದ್ದ ನನ್ನ ತಾಯಿ ಮೊಮ್ಮಗಳಿಗೆಂದು ತಪ್ಪದೆ ಕಾಗದ ಬರೆಯುತ್ತಿದ್ದಳು. ಅವನ್ನೆಲ್ಲ ನಾನು ಗಟ್ಟಿಯಾಗಿ ಓದಿ ಹೇಳಬೇಕಾಗುತ್ತಿತ್ತು. ಅಜ್ಜಿ ಮೊಮ್ಮಗಳಿಗಷ್ಟೇ ಹೇಳಬೇಕೆಂದಿದ್ದ ಮಾತುಗಳೂ ನನ್ನ ಬಾಯಿಂದಲೇ ಹೋದವು. ತಾಯಿ ತೀರಿಕೊಂಡು ವರ್ಷಗಳಾದವು. ಕಾಗದಗಳ ಕಟ್ಟು ಮಗಳ ಕಪಾಟಿನಲ್ಲಿದೆ.

ಆದುದರಿಂದ, ಖಾಸಗಿ ಶಾಲೆಯನ್ನೇ ಆಯುವುದಾದರೆ ಸಂಕೋಚವಿಲ್ಲದೆ ಕೇಳಿರಿ. ಶಾಲೆ ಅನುದಾನಿತವೋ, 2012ರ ಕಾಯಿದೆಯ ಪ್ರಕಾರ ನಡೆಯುವ ಸ್ವಯಂ ಅರ್ಥಸಹಾಯಿತವೋ? ಕನ್ನಡ ಶಿಕ್ಷಕರಿದ್ದರೆ ಅವರ ಹುದ್ದೆ ಮಂಜೂರಾದದ್ದೋ, ತಾಸಿನ ಲೆಕ್ಕದ್ದೋ? ಅವರು ಬಿಟ್ಟರೆ ಮುಂದೆ ಯಾರು? ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಆದ್ದರಿಂದ ‘ಪುಸ್ತಕ ಸಿಗುವುದಿಲ್ಲ’ ಎಂಬ ನೆಪವನ್ನು ಒಪ್ಪಬೇಡಿರಿ. ಹತ್ತು ಮನೆಗಳವರು ಒಟ್ಟಾಗಿ ಹೋಗಿ ಕೇಳಿದರೆ ಉತ್ತರದ ಧಾಟಿಯೇ ಬೇರೆಯಾಗುವುದನ್ನು ನಾನು ಕಂಡಿದ್ದೇನೆ.

ಮುಂದೆ ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟು ಬಯಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿಯ ಸಿ.ಇ.ಟಿ.ಯ ಗಡಿನಾಡು ಕನ್ನಡಿಗರ ಪಟ್ಟಿಯಲ್ಲಿ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರಿವೆ. ಮಿರಜದ ಹೆಸರಿಲ್ಲ. ಪಟ್ಟಿಯಲ್ಲಿರುವ ತಾಲೂಕಿನ ವಿದ್ಯಾರ್ಥಿಗೂ ಕನ್ನಡದ ಪರೀಕ್ಷೆಯುಂಟು. ಮಾತೃಭಾಷೆ ಕನ್ನಡವೆಂದು ತೋರಿಸಲು ಶಾಲೆಯ ದಾಖಲೆಯೂ ಬೇಕಾಗುತ್ತದೆ.

ಈ ದಾಖಲೆಯ ವಿಷಯವನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ಪ್ರವೇಶದ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಅಂಕಣವಿರುತ್ತದೆ. ಅದು ಜನರಲ್ ರಜಿಸ್ಟರಿಗೆ ಹೋಗಿ, ಅಲ್ಲಿಂದ ಶಾಲೆ ಬಿಟ್ಟ ದಾಖಲೆಗೆ ಇಳಿಯುತ್ತದೆ. ಗುಮಾಸ್ತರು ರೂಢಿಯಂತೆ ಎಲ್ಲರಿಗೂ ಮರಾಠಿಯೆಂದು ಬರೆದು ಮುಗಿಸುವುದುಂಟು. ಆಮೇಲೆ ತಿದ್ದಿಸಬೇಕೆಂದರೆ ಶಿಕ್ಷಣಾಧಿಕಾರಿಯವರೆಗೆ ಅಲೆಯಬೇಕು. ಕಳೆದ ಜೂನಿನಲ್ಲಿ ಪುಣೆಯಲ್ಲಿ ಮೊಮ್ಮಗನ ಹೆಸರು ಹಚ್ಚಿದರು. ಶಾಲೆ ಯಾವುದೆಂದು ಮಗಳು ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಜಿಯ ಫೋಟೋ ಮಾತ್ರ ಕಳಿಸಿದಳು. ಆ ಅಂಕಣದಲ್ಲಿ ತಾನೇ ‘ಕನ್ನಡ’ ಎಂದು ಬರೆದಿದ್ದಳು, ಇಂಗ್ಲಿಷ್ ಅಕ್ಷರಗಳಲ್ಲಿ. ರಜಿಸ್ಟರಿನಲ್ಲಿಯೂ ಹಾಗೆಯೇ ಏರಿದೆಯೋ ಇಲ್ಲವೋ ಒಮ್ಮೆ ನೋಡಿ ಬಾ ಎಂದೆ. ಏರಿರಲಿಲ್ಲ. ಮರುದಿನವೇ ಹೋಗಿ ತಿದ್ದಿಸಿ ಬಂದಳು.