ತೊಡೆಸಂದಿನ ಹರ್ನಿಯದ ಶಸ್ತ್ರಚಿಕಿತ್ಸೆಯೂ ನೋವಿನ ದಾಖಲೆಯೂ

ಶಸ್ತ್ರವೈದ್ಯದ ಚರಿತ್ರೆಯನ್ನು ಬರೆಯುವವರು ಹೊಸ ವಿಧಾನಗಳ ಉದಯವನ್ನು ವಿಸ್ತಾರವಾಗಿ ವರ್ಣಿಸುವರು. ಅವುಗಳಿಗೆ ಒಳಗಾದ ರೋಗಿಗಳು ಆ ಬಳಿಕ ಏನನ್ನು ಅನುಭವಿಸಿದರೆಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ತೊಡೆಸಂದಿನ ಹರ್ನಿಯದ ಚರಿತ್ರೆ ಇದಕ್ಕೊಂದು ನಿದರ್ಶನ. ಈ ವ್ಯಾಧಿಗೆ ಇಂದು ಎರಡು ಬಗೆಯ ಶಸ್ತ್ರಚಿಕಿತ್ಸೆಗಳಿವೆ: ಚರ್ಮವನ್ನು ಕೊಯ್ದು ಮಾಡುವ ತೆರೆದ ವಿಧಾನ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ವಿಧಾನ. ಇವುಗಳಲ್ಲಿ ಯಾವುದು ಕಡಿಮೆ ನೋವನ್ನು ಉಳಿಸುತ್ತದೆಂಬ ಪ್ರಶ್ನೆ ಏಕೆ ತಡವಾಗಿ ಹುಟ್ಟಿತೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಆಧುನಿಕ ಚಿಕಿತ್ಸೆಯ ಪ್ರವರ್ತಕನು ಇಟಲಿಯ ಎಡೋರ್ಡೊ ಬಸ್ಸಿನಿ. 1867ರಲ್ಲಿ ರೋಮ್ ನಗರದ ಸಮೀಪದ ಕಾಳಗದಲ್ಲಿ ಈತನ ತೊಡೆಸಂದಿಗೇ ಬಯೊನೆಟ್ಟಿನ ಇರಿತವಾಗಿದ್ದಿತು. ಪಾದುವಾದಲ್ಲಿ 1884ರಿಂದ ತನ್ನ ವಿಧಾನವನ್ನು ಪ್ರಯೋಗಿಸಿ, 1889ರಲ್ಲಿ 262 ಶಸ್ತ್ರಚಿಕಿತ್ಸೆಗಳ ವಿವರವನ್ನು ಪ್ರಕಟಿಸಿದನು. ಅದಕ್ಕೆ ಮುಂಚೆ ಹರ್ನಿಯ ಮರಳಿ ಬರುವುದೇ ವಾಡಿಕೆಯಾಗಿದ್ದುದರಿಂದ, ಅದು ಮರಳಿತೇ ಇಲ್ಲವೇ ಎಂಬುದೇ ವೈದ್ಯರ ಮುಖ್ಯ ಅಳತೆಗೋಲಾಯಿತು. ಮುಂದಿನ ನೂರು ವರ್ಷ ಈ ಅಳತೆಗೋಲು ಬದಲಾಗಲಿಲ್ಲವೆನ್ನಬಹುದು.

ಬಸ್ಸಿನಿಯ ಕ್ರಮದಲ್ಲಿ ಮಾಂಸವನ್ನು ಎಳೆದು ಹೊಲಿಯಬೇಕಾಗಿದ್ದುದರಿಂದ ಹೊಲಿಗೆಯ ಮೇಲೆ ಬಿಗಿತ ಬೀಳುತ್ತಿದ್ದಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ಜಾಲರಿಯನ್ನು ಬಳಕೆಗೆ ತಂದನು. ಲಾಸ್ ಏಂಜಲಿಸ್‌ನ ಇರ್ವಿಂಗ್ ಲಿಕ್ಟನ್‌ಸ್ಟೈನ್ 1989ರಲ್ಲಿ ಬಿಗಿತವಿಲ್ಲದ ಜಾಲರಿ ವಿಧಾನವನ್ನು ಪ್ರಕಟಿಸಿದನು. 1990ರ ದಶಕದ ಆರಂಭದಲ್ಲಿ ಅದೇ ಜಾಲರಿಯನ್ನು ರಂಧ್ರಗಳ ಮೂಲಕ ಹಿಂಬದಿಯಿಂದ ಇಡುವ ಕ್ರಮವೂ ರೂಢಿಗೆ ಬಂದಿತು. ಹರ್ನಿಯ ಮರಳುವುದು ವಿರಳವಾದಂತೆ, ಅದುವರೆಗೆ ಗಣನೆಗೆ ಬಾರದಿದ್ದ ಇನ್ನೊಂದು ಬಾಧೆ ಕಣ್ಣಿಗೆ ಬಿದ್ದಿತು.

ಆ ಬಾಧೆಯೇ ದೀರ್ಘಕಾಲದ ನೋವು. 1986ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು, ಗಾಯ ಮಾಯುವ ಅವಧಿ ಕಳೆದರೂ ಉಳಿಯುವ ನೋವನ್ನು ಪ್ರತ್ಯೇಕವಾಗಿ ನಿರ್ದೇಶಿಸಿತು. ಈ ಅವಧಿಯನ್ನು ಸಾಮಾನ್ಯವಾಗಿ 3 ತಿಂಗಳೆಂದು ಎಣಿಸುತ್ತಾರೆ. 1996ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವು, ತೆರೆದ ಚಿಕಿತ್ಸೆಯಾಗಿ ಒಂದು ವರ್ಷ ಕಳೆದರೂ ನೂರರಲ್ಲಿ ಸುಮಾರು 12 ಮಂದಿಗೆ ಮಧ್ಯಮ ಅಥವಾ ತೀವ್ರ ನೋವು ಉಳಿದಿದ್ದಿತೆಂದು ತಿಳಿಸಿತು. ತೆರೆದ ವಿಧಾನದಲ್ಲಿ ಕತ್ತಿಯ ದಾರಿಯಲ್ಲೇ ಮೂರು ನರಗಳು ಹಾಯುತ್ತವೆ; ಹಿಂಬದಿಯ ವಿಧಾನದಲ್ಲಿ ಅವುಗಳಲ್ಲಿ ಎರಡು ಬಹುಮಟ್ಟಿಗೆ ದೂರ ಉಳಿಯುತ್ತವೆಯಾದರೂ ತೊಡೆಯ ಕಡೆಗೆ ಹೋಗುವ ನರಗಳಿಗೆ ಅಪಾಯ ತಪ್ಪಿದ್ದಲ್ಲ.

1999ರಲ್ಲಿ ಬ್ರಿಟನ್ನಿನ 928 ರೋಗಿಗಳ ತುಲನೆಯಲ್ಲಿ, ಒಂದು ವರ್ಷದ ಬಳಿಕ ನೋವು ಹೇಳಿದವರು ಲ್ಯಾಪರೋಸ್ಕೋಪಿಯಲ್ಲಿ ಶೇಕಡಾ 28.7, ತೆರೆದ ವಿಧಾನದಲ್ಲಿ 36.7, ಆದರೆ ಹರ್ನಿಯ ಮರಳಿದುದು ಮೊದಲ ಗುಂಪಿನಲ್ಲಿ ಮಾತ್ರ. 2004ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಮೇಲಿನ ಅಧ್ಯಯನದಲ್ಲಿಯೂ ಲ್ಯಾಪರೋಸ್ಕೋಪಿಯ ಆರಂಭದ ನೋವು ಕಡಿಮೆ. ಎರಡು ವರ್ಷಗಳಲ್ಲಿ ಮರಳಿದ ಪ್ರಮಾಣ ಮಾತ್ರ 10.1, ತೆರೆದುದರಲ್ಲಿ 4.9. ಬಹಳ ಅನುಭವವುಳ್ಳ ವೈದ್ಯರಲ್ಲಿ ಈ ದೋಷ ತಗ್ಗಿದ್ದಿತು. ಆದುದರಿಂದ ವಿಧಾನವನ್ನು ಕೈಯ ಪಳಗಿಕೆಯಿಂದ ಬೇರ್ಪಡಿಸಿ ತೂಗುವುದು ಸರಿಯಲ್ಲ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಗಣನೀಯವಾದ ದೀರ್ಘ ನೋವಿನ ಪ್ರಮಾಣವನ್ನು ಶೇಕಡಾ 10ರಿಂದ 12 ಎಂದೂ, ದೈನಂದಿನ ಕೆಲಸಕ್ಕೆ ಅಡ್ಡಿಯಾಗುವ ನೋವನ್ನು 0.5ರಿಂದ 6 ಎಂದೂ ಅಂದಾಜು ಮಾಡಿದೆ.

ಇಲ್ಲಿ ಚರಿತ್ರಕಾರರಿಗೆ ಒಂದು ಎಚ್ಚರಿಕೆಯಿದೆ. ಹಿಂದಿನ ದಾಖಲೆಗಳಲ್ಲಿ ನೋವಿನ ಲೆಕ್ಕವಿಲ್ಲವೆಂದ ಮಾತ್ರಕ್ಕೆ ಹಿಂದಿನವರಿಗೆ ನೋವಿರಲಿಲ್ಲವೆಂದು ತೀರ್ಮಾನಿಸಲಾಗದು; ಕೇಳದ ಪ್ರಶ್ನೆಗೆ ದಾಖಲೆ ಉತ್ತರ ಕೊಡುವುದಿಲ್ಲ. ಮರಳಿದ ಹರ್ನಿಯವನ್ನು ವೈದ್ಯನು ಕೈಯಿಂದ ಮುಟ್ಟಿ ತಿಳಿಯಬಲ್ಲನು. ನೋವಿಗಾದರೋ ರೋಗಿಯ ಮಾತೇ ಪ್ರಮಾಣ. ಆ ಮಾತು ಪ್ರಮಾಣವೆನಿಸಿಕೊಳ್ಳಲು ಬಸ್ಸಿನಿಯಿಂದ ಒಂದು ಶತಮಾನ ಹಿಡಿಯಿತೆಂಬುದನ್ನು, ಎರಡು ವಿಧಾನಗಳ ಗುಣದೋಷಗಳಿಗಿಂತಲೂ ಮುಖ್ಯವಾದ ಸಂಗತಿಯೆಂದು ನಾವು ಭಾವಿಸುತ್ತೇವೆ.