ಉಬ್ಬಸದ ಲೆಕ್ಕ

ಕುರಕುಂಭದಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಮಕ್ಕಳ ಆರೋಗ್ಯಕ್ಕೆ ಬಂದೇ ಬರುತ್ತದೆ. ಪುಣೆ–ಸೊಲ್ಲಾಪುರ ಹೆದ್ದಾರಿಯ ಈ ಊರಲ್ಲಿ ಫಿರಂಗಾಯಿ ದೇವಿಯ ಗುಡಿಯೂ ಇದೆ, ರಾಸಾಯನಿಕ ಕಾರ್ಖಾನೆಗಳ ವಸಾಹತೂ ಇದೆ. ಮಗನ ನೌಕರಿಯ ಬೆನ್ನು ಹಿಡಿದು ನಾನೂ ಇಲ್ಲಿಗೆ ಬಂದವನು. "ನಮ್ಮ ಕಾಲದಾಗ ಹುಡುಗರಿಗೆ ಇಷ್ಟು ಉಬ್ಬಸ ಎಲ್ಲಿತ್ರೀ? ಊರ ಗಾಳಿ ಬಿಟ್ಟು ಬಂದಿದ್ದಕ್ಕ ಹಿಂಗಾತು" ಅಂತ ಒಬ್ಬರಾದರೂ ಅನ್ನುತ್ತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನಿಗೆ ಅಂಕಿ ಎಲ್ಲಿ ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ಅಂಕಿ ನಮ್ಮ ಬೆಂಗಳೂರಿನಲ್ಲೇ ಇದೆ. ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರ ಲೆಕ್ಕ ಇಟ್ಟರು. 1979ರಲ್ಲಿ ಆಸ್ತಮಾ ಇದ್ದವರು ಶೇ. 9, 1989ರಲ್ಲಿ 18.5, 1999ರಲ್ಲಿ 29.5. ಆದರೆ ನೋಡಿ, ಶಾಖೆಗೆ ಬಂದ ಗ್ರಾಹಕರನ್ನು ಎಣಿಸಿ ಇಡೀ ಊರಿನ ಲೆಕ್ಕ ಹೇಳಲಾಗದು. ಅದಕ್ಕೇ ಅವರು ಶಾಲೆಗಳಲ್ಲೂ ಸಮೀಕ್ಷೆ ಮಾಡಿದರು. ವಾಹನ ದಟ್ಟಣೆ ಕಡಿಮೆಯಿದ್ದ ಕಡೆ ಸುಮಾರು ಶೇ. 11, ಹೆಚ್ಚಿದ್ದ ಕಡೆ 19, ದಟ್ಟಣೆಯ ಜೊತೆ ಬಡತನವೂ ಸೇರಿದ ಕಡೆ 31. ಹಳ್ಳಿಯ ಮಕ್ಕಳಲ್ಲಿ ಆರಕ್ಕೂ ಕಡಿಮೆ. ಅಂದರೆ ಊರ ಗಾಳಿಯ ಮಾತು ಪೂರಾ ಸುಳ್ಳಲ್ಲ. ಆದರೆ ಗಡಿ ದಾಟಿದ್ದಕ್ಕೆ ಉಬ್ಬಸ ಬಂತು ಅನ್ನುವಂತೆಯೂ ಇಲ್ಲ. ಮನೆ ಯಾವ ರಸ್ತೆಯ ಪಕ್ಕದಲ್ಲಿದೆ, ಕೈಯಲ್ಲಿ ಎಷ್ಟು ಕಾಸಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇನ್ನು ಹಳ್ಳಿಯ ಗಾಳಿಯಾದರೂ ಹಳೆಯದೇ? 1950ರ ದಶಕದಲ್ಲಿ ಇದೇ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ಇಂದು ನಮ್ಮೂರ ಬದುಗಳಲ್ಲೂ ಹೂ ಬಿಟ್ಟು ನಿಂತಿದೆ.

1990ರ ದಶಕದಲ್ಲಿ ಐಸಾಕ್ ಎಂಬ ಜಾಗತಿಕ ಸಮೀಕ್ಷೆ ನಡೆಯಿತು. 56 ದೇಶಗಳ 13–14 ವರ್ಷದ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ಮಕ್ಕಳು ಉತ್ತರಿಸಿದರು. ಪುಣೆಯೂ ಅದರಲ್ಲಿ ಒಂದು ಕೇಂದ್ರ. 1998ರಲ್ಲಿ ಫಲಿತಾಂಶ ಬಂದಾಗ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮೇಲಿದ್ದವು, ಭಾರತ ತಳದ ಗುಂಪಿನಲ್ಲಿತ್ತು. ನನಗೆ ಹಿಡಿಸಿದ್ದು ಅವರು ಕೇಳಿದ ರೀತಿ. 6–7 ವರ್ಷದವರ ಪರವಾಗಿ ತಂದೆತಾಯಿ ಬರೆದರು. ಹದಿಹರೆಯದವರು ತಾವೇ ಬರೆದರು. ರೋಗದ ಹೆಸರಷ್ಟೇ ಅಲ್ಲ, ಕಳೆದ 12 ತಿಂಗಳಲ್ಲಿ ಎದೆ ಸುಯ್ ಅಂದಿತ್ತೇ ಅಂತಲೂ ಕೇಳಿದರು.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಹೆಸರಿಗೇ ಹೆದರಿಕೆ. ನನ್ನ ಮೊಮ್ಮಗಳಿಗೆ ಈಗ ಹದಿನಾಲ್ಕು. "ಆಸ್ತಮಾ ಅನ್ನಬ್ಯಾಡ್ರಿ, ಅಲರ್ಜಿ ಅನ್ರಿ, ನಾಳೆ ಲಗ್ನ ಆಗಬೇಕಾದ ಹುಡುಗಿ" ಎಂದು ನೆಂಟರ ಬುದ್ಧಿವಾದ. ಮರಾಠಿಯ ನೆರೆಯವರೂ 'ದಮಾ' ಅನ್ನುವಾಗ ದನಿ ತಗ್ಗಿಸುತ್ತಾರೆ. ಮುಚ್ಚಿಟ್ಟ ಸಾಲಕ್ಕೂ ಬಡ್ಡಿ ಬೆಳೆಯುತ್ತದೆ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ. 13 ಅಂತ ಅಂದಾಜು; ಆಸ್ತಮಾದಿಂದ ಸಾಯುವವರಲ್ಲಿ ಮಾತ್ರ ಶೇ. 40ಕ್ಕೂ ಹೆಚ್ಚು! ದಿನವೂ ಎಳೆಯಬೇಕಾದ ಇನ್ಹೇಲರನ್ನು ಬಿಟ್ಟು ದಮ್ಮು ಕಟ್ಟಿದಾಗಷ್ಟೇ ಓಡುವುದು ಇದಕ್ಕೊಂದು ಕಾರಣ.

ಹುಡುಗಿ ಮಾತ್ರ ನಮ್ಮೆಲ್ಲರಿಗಿಂತ ಗಟ್ಟಿ. ಶಾಲೆಯ ಆರೋಗ್ಯ ಚೀಟಿಯಲ್ಲಿ ತಾನೇ 'ಅಸ್ಥಮಾ' ಅಂತ ಮರಾಠಿಯಲ್ಲಿ ಬರೆದು, ಸಹಿಗೆ ನನ್ನ ಮುಂದೆ ಹಿಡಿದಳು. ಸಹಿ ಹಾಕಿ ಕೊಟ್ಟೆ.